ಬೈಗಳಿಲ್ಲದ ಬದುವಿನ ಜಗಳ

ಕಣವಿಹಾಳದ ಗಂಡಸರು ಬೈಯುವುದರಲ್ಲಿ ಇಡೀ ಹಿರೇಕೆರೂರ ತಾಲೂಕಿಗೇ ಹೆಸರಾದವರು. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ, ಎದೆಯುಬ್ಬಿಸಿಯೇ ಹೇಳುತ್ತಿದ್ದೇನೆ. ರಟ್ಟೀಹಳ್ಳಿಯ ಸಂತೆಯಲ್ಲಿ ದನದ ವ್ಯಾಪಾರಕ್ಕೆ ನಿಂತು ನಮ್ಮವರು ಬಾಯಿ ತೆರೆದರೆ ಶಿಗ್ಗಾಂವದ ದಲಾಲರೂ ರುಮಾಲು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಇಂಥ ಊರಿನ ಕನ್ನಡ ಸಾಲಿಗೆ, ಹುಟ್ಟಿದಾರಭ್ಯ ಒಂದೂ ಬೈಗಳು ಆಡದ ಚಂದ್ರಪ್ಪ ಮಾಸ್ತರರು ವರ್ಗವಾಗಿ ಬಂದರು. ಬಂದವರು ಸುಮ್ಮನಿರಲಿಲ್ಲ, ನಾಟಕ ಬರೆದರು. ಎಲ್ಲ ಫಜೀತಿಯೂ ಶುರುವಾದದ್ದು ಅಲ್ಲಿಂದ.

ನಾಟಕದ ಹೆಸರು 'ಬದುವಿನ ಜಗಳ'. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕುಡಗೋಲು ಹಿಡಿಯುವ ಕತೆ. ಮೊದಲು ಬರೆದಾಗ ಮಾಸ್ತರರು ಊರವರ ಬಾಯಲ್ಲಿ ಕೇಳಿದ ಬೈಗಳನ್ನೆಲ್ಲ ಇದ್ದದ್ದು ಇದ್ದ ಹಾಗೆ ಇಳಿಸಿದ್ದರು. ಒಂದು ಸಂಜೆ ಹೆಂಡತಿ ಸಾವಂತ್ರವ್ವನಿಗೆ ಓದಿ ಹೇಳಿದರು. ಬೈಗಳು ಬಂದಲ್ಲೆಲ್ಲ ಬಾಯಿ ಬಾರದೆ ಕೆಮ್ಮಿದರು.

"ಕೆಮ್ಮು ಭಾಳ ಆತಲ್ರಿ. ಶುಂಠಿ ಕಾಸಿ ಕೊಡ್ಲೇನು?" ಎಂದಳು ಸಾವಂತ್ರವ್ವ.

"ಕೆಮ್ಮಲ್ಲ. ಅವು ಬೈಗಳ."

"ಯಾರಿಗೆ ಬೈತಾರ?"

"ಅಣ್ಣ ತಮ್ಮಗ, ತಮ್ಮ ಅಣ್ಣಗ."

ಸಾವಂತ್ರವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. "ಅಲ್ರಿ, ಬದುವಿನ ಸಲುವಾಗಿ ಬಡದಾಡಾವ್ರು ಗಂಡಸರು. ಬೈಗಳ ಬೀಳೂದು ಅವ್ವಗ, ಅಕ್ಕಗ, ತಂಗಿಗೆ. ಆಕಿ ಏನ್ ಮಾಡಿದ್ಲು? ಆಕಿ ತನ್ನ ಪಾಡಿಗೆ ತಾ ಮನ್ಯಾಗ ರೊಟ್ಟಿ ಬಡಿಯಾಕತ್ತಿರ್ತಾಳ. ಅದರಾಗ ನಿಮ್ಮ ಅಣ್ಣತಮ್ಮಂದಿರಿಗೆ ಅವ್ವ ಬ್ಯಾರೆ ಬ್ಯಾರೆ ಅದಾರೇನು? ಇಬ್ಬರಿಗೂ ಒಬ್ಬಾಕಿನ!"

ಮಾಸ್ತರರು ವಹಿ ಮುಚ್ಚಿದರು. ಆ ರಾತ್ರಿಯೇ ಒಂದೊಂದಾಗಿ ಎಲ್ಲ ಬೈಗಳನ್ನೂ ಹೊಡೆದು ಹಾಕಿದರು. ಮರುದಿನ ಗೋಣೆಪ್ಪನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಿಂತು, "ಗಂಡಸಿನ ಸಿಟ್ಟು ತೋರಸಾಕ ಬೈಗಳ ಬೇಕಾಗಿಲ್ಲ. ಒಂದೂ ಬೈಗಳಿಲ್ಲದ ನಾಟಕಾ ಆಡಿಸಿ ತೋರಸ್ತೇನಿ!" ಎಂದು ಸಾರಿದರು. ಸಾರುವಾಗ ಅವರ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಗೋಣೆಪ್ಪ ಬೆಲ್ಲ ತೂಗುತ್ತಿದ್ದವನು ತಕ್ಕಡಿ ಇಳಿಸಿದ. "ಉಪ್ಪಿಲ್ಲದ ಸಾರು ಕಾಸಿ ಉಣಸ್ತೇನಿ ಅಂದಂಗಾತು ಮಾಸ್ತರ್ರ. ಎತ್ತಿಗೆ ಬಾರಕೋಲ ಹೆಂಗೋ, ನಾಟಕಕ್ಕ ಬೈಗಳ ಹಂಗ. ಬದುವಿನ ಮ್ಯಾಲ ನಿಂತಾಂವ 'ಅಣ್ಣಾ, ದಯಮಾಡಿ ಸರೀರಿ' ಅಂದ್ರ ಮಂದಿ ಎದ್ದು ಮನೀಗೆ ಹೊಕ್ಕಾರ."

"ನೋಡೂಣಂತ," ಎಂದರು ಮಾಸ್ತರರು.

ಅಣ್ಣನ ಪಾತ್ರಕ್ಕೆ ರೈತ ಬೀರಪ್ಪನನ್ನು ಬಿಟ್ಟರೆ ಗತಿಯಿರಲಿಲ್ಲ. ಅವನ ದನಿ ಹಳ್ಳದ ಈಚೆ ಬಿಟ್ಟರೆ ಆಚೆ ಕೇಳುತ್ತಿತ್ತು. ಆದರೆ ಬೈಗಳು ತೆಗೆದ ಮೇಲೆ ಅವನ ನಾಲಿಗೆ ಕೆಸರಿಗೆ ಸಿಕ್ಕ ಬಂಡಿಯಂತೆ ನಿಂತುಬಿಟ್ಟಿತು. ತಾಲೀಮಿನಲ್ಲಿ "ಬದು ಕಡದಾಂವ ನೀನ..." ಎನ್ನುವನು, ಮುಂದಿನ ಬೈಗಳಿಗೆಂದು ಬಾಯಿ ತೆರೆಯುವನು, ಅಲ್ಲಿ ಏನೂ ಸಿಗದೆ ಹಾಗೇ ನಿಲ್ಲುವನು. ಆ ಹೊತ್ತಿಗೆ ಸಾವಂತ್ರವ್ವ ಕಾಯಿಪಲ್ಯದ ಬುಟ್ಟಿ ಹೊತ್ತುಕೊಂಡು ಸಾಲಿಯ ಮುಂದೆ ಹಾದು ಹೊರಟಿದ್ದಳು. ಬೀರಪ್ಪನ ತೆರೆದ ಬಾಯಿ ನೋಡಿ ಬೇಸತ್ತು, "ಏನರ ಬೇಕಂದ್ರ ಹೀರಿಕಾಯಿ ಅನ್ನಪಾ! ಬಾಯಿ ಮುಚ್ಚು, ನೊಣ ಹೊಕ್ಕಾವು!" ಎಂದಳು.

"ಹೀರಿಕಾಯಿ!" ಎಂದ ಬೀರಪ್ಪ. ಅಷ್ಟೇ ತಡ, ಉಳಿದ ಮಾತೆಲ್ಲ ಒಡ್ಡು ಒಡೆದ ನೀರಿನಂತೆ ಬಂತು.

ಅಂದಿನಿಂದ ಸಣ್ಣ ಸಿಟ್ಟಿಗೆ ಬದನಿಕಾಯಿ, ನಡುವಿನ ಸಿಟ್ಟಿಗೆ ಹಾಗಲಕಾಯಿ, ಕಡೆಯ ಸಿಟ್ಟಿಗೆ ಹೀರಿಕಾಯಿ ಎಂದು ನಿಗದಿಯಾಯಿತು. ನಾಲಿಗೆ ಪಳಗಲೆಂದು ಮಾಸ್ತರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೀರಪ್ಪನನ್ನು ಬಸವಣ್ಣನ ಗುಡಿಗೆ ಕರೆದೊಯ್ದು, ಮುಂದಿನ ಬಸವ ಜಯಂತಿಯವರೆಗೆ ಹೊಲದಲ್ಲಿ ಎತ್ತಿಗೂ ಬೈಯುವುದಿಲ್ಲ ಎಂದು ಆಣೆ ಮಾಡಿಸಿದರು. ಪಾಪ, ಎತ್ತುಗಳಿಗೆ ಯಾರೂ ಇದನ್ನು ತಿಳಿಸಿ ಹೇಳಲಿಲ್ಲ. ಅವು ಕರುವಾಗಿದ್ದಾಗಿನಿಂದ ಒಂದು ನಿರ್ದಿಷ್ಟ ಬೈಗಳಿಗೇ ಹೆಜ್ಜೆ ಎತ್ತುತ್ತಿದ್ದವು. ಹೀರಿಕಾಯಿ ಎಂದರೆ ಹಿಂತಿರುಗಿ ನೋಡಿ, ತಿನ್ನಲು ಏನೋ ಬಂತೆಂದು ನಿಲ್ಲುತ್ತಿದ್ದವು. ಬೀರಪ್ಪನ ಹೊಲದಲ್ಲಿ ಪೈರಿನ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯುವ ಕೆಲಸ ಊರಿನಲ್ಲಿ ಎಲ್ಲರಿಗಿಂತ ಹಿಂದೆ ಬಿತ್ತು.

ಕೊನೆಗೆ ನಾಟಕದ ದಿನ ಬಂತು. ಅವತ್ತು ಸಾಲಿ ತಪಾಸಣೆಗೆ ದಿಪೂಟಿ ಸಾಹೇಬರು ಬರುವವರಿದ್ದರು. ಕಣವಿಹಾಳದ ಸಾಲಿ ನಾಲ್ಕನೇ ಇಯತ್ತೆಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಹಳ್ಳ ದಾಟಿ ಹಂಸಭಾವಿಗೆ ಹೋಗಬೇಕು. ಗಂಡು ಹುಡುಗರು ಹೇಗೋ ದಾಟುತ್ತಿದ್ದರು, ಹೆಣ್ಣು ಹುಡುಗಿಯರ ಓದು ಹಳ್ಳದ ಈಚೆ ದಂಡೆಯಲ್ಲೇ ಮುಗಿಯುತ್ತಿತ್ತು. ಈ ವರ್ಷ ನಾಲ್ಕರಲ್ಲಿ ಗುತ್ತೆವ್ವ ಎಂಬ ಹುಡುಗಿ ಇದ್ದಳು. ಪುಸ್ತಕ ಮುಚ್ಚಿ ಕೇಳಿದರೂ ಪಾಠವನ್ನು ನೀರು ಕುಡಿದಂತೆ ಹೇಳುವವಳು. ಅವಳಿಗಾಗಿಯಾದರೂ ಐದನೇ ಇಯತ್ತೆ ತರಿಸಲೇಬೇಕು ಎಂದು ಮಾಸ್ತರರು ಹಟ ತೊಟ್ಟಿದ್ದರು. ಅದನ್ನು ಕೊಡುವುದೂ ಬಿಡುವುದೂ ದಿಪೂಟಿ ಸಾಹೇಬರ ಕೈಯಲ್ಲಿತ್ತು. ಸಾಹೇಬರಿಗೆ ಕೆಟ್ಟ ಮಾತೆಂದರೆ ಆಗುತ್ತಿರಲಿಲ್ಲ. ಎಲ್ಲೋ ಒಂದೂರಲ್ಲಿ ನಾಟಕದ ನಡುವೆ ಬೈಗಳು ಕೇಳಿ ಎದ್ದು ಹೋದವರು, ಊಟಕ್ಕೂ ನಿಂತಿರಲಿಲ್ಲವಂತೆ.

ಸಾಹೇಬರು ಸಂಜೆಯ ಬಸ್ಸು ಹಿಡಿಯಬೇಕಾದ್ದರಿಂದ ನಾಟಕವನ್ನು ಬೆಳಿಗ್ಗೆಯೇ ಇಟ್ಟರು. "ಹೊತ್ತೇರಿದ ಮ್ಯಾಲ ನಾಟಕಾ! ಹಗಲಿಗೆ ಕಂದೀಲ ಹಚ್ಚಿದಂಗ," ಎಂದು ಗೋಣೆಪ್ಪ ಅಂಗಡಿ ಮುಚ್ಚಿ ಮುಂದಿನ ಸಾಲಿನಲ್ಲೇ ಬಂದು ಕೂತ. ಸಾಹೇಬರನ್ನು ಹಂಸಭಾವಿಯಿಂದ ಕರೆತರಲು ಬೀರಪ್ಪನ ಬಂಡಿ ಹೋಗಿತ್ತು. ಸಾಹೇಬರ ಮುಂದೆ ಬಾಯೇ ಬಿಡಬೇಡ ಎಂದು ಮಾಸ್ತರರು ಅವನಿಗೆ ಕಟ್ಟಪ್ಪಣೆ ಮಾಡಿದ್ದರು. ಬಂಡಿ ಬಂದಾಗ ಸಾಹೇಬರು ಬೆವರಿ ತೊಯ್ದಿದ್ದರು.

"ನಿಮ್ಮ ಊರಿನ ಎತ್ತು ಭಾಳ ವಿಚಾರವಂತ ಅದಾವು ಮಾಸ್ತರ್ರ," ಎಂದರು ಇಳಿಯುತ್ತ. "ಒಂದೊಂದು ಹೆಜ್ಜಿಗೂ ವಿಚಾರ ಮಾಡ್ತಾವು. ಸಂಜೀಕ ಬಸ್ ತಪ್ಪಬಾರದು, ನೋಡ್ರಿ."

ನಾಟಕ ಶುರುವಾಯಿತು. ತಮ್ಮನ ಪಾತ್ರಕ್ಕೆ ಊರಿನ ಟೇಲರ್ ಮಜೀದ. ಇರುವೆ ಕಂಡರೂ ದಾರಿ ಬಿಡುವ ಮನುಷ್ಯ. ಎರಡನೆಯ ಅಂಕದಲ್ಲಿ ಬದುವಿನ ಮೇಲೆ ಇಬ್ಬರೂ ಎದುರಾದರು.

"ಬದು ಕಡದಾಂವ ನೀನ! ಬದನಿಕಾಯಿ!" ಎಂದು ಬೀರಪ್ಪ ಗುಡುಗಿದ.

ಮಂದಿ ನಕ್ಕಿತು.

"ನಾ ಯಾಕ ಕಡೀಲಿ? ನೀ ಬದನಿಕಾಯಿ! ನಿನ್ನ ಮನೆತನಾನ ಬದನಿಕಾಯಿ!" ಎಂದ ಮಜೀದ.

ಈ ಸಲ ಅಷ್ಟು ಜನ ನಗಲಿಲ್ಲ. ಬೀರಪ್ಪ ಮೀಸೆ ತಿರುವಿ, ಕಣ್ಣು ಕೆಂಪಗೆ ಮಾಡಿ, ಕುಡಗೋಲು ಎತ್ತಿ, "ಥೂ ಹಾಗಲಕಾಯಿ! ಹೆಸರಿಗೆ ನೀ ತಮ್ಮ!" ಎಂದಾಗ ಹಿಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬ ಮುದುಕ, "ಸಣ್ಣ ಹುಡುಗರು ಕುಂತಾವು, ಒಂದೀಟು ತಡಕೋರಪಾ," ಎಂದು ಗೊಣಗಿದ. ಕೊನೆಗೆ ಬೀರಪ್ಪ ಮುಗಿಲಿಗೆ ಮುಖ ಮಾಡಿ, ಹೊಟ್ಟೆಯೊಳಗಿನ ಸಿಟ್ಟನ್ನೆಲ್ಲ ಕಟ್ಟಿ, "ಹೀರಿಕಾಯೀ!" ಎಂದು ಕೂಗಿದ. ಆ ಮುದುಕ ಎರಡೂ ಕೈಯಲ್ಲಿ ಮೊಮ್ಮಕ್ಕಳನ್ನು ಹಿಡಿದುಕೊಂಡು ಎದ್ದು ಹೊರಟೇಬಿಟ್ಟ. ತಾಯಂದಿರು ಪಕ್ಕದ ಮಕ್ಕಳ ಕಿವಿ ಮುಚ್ಚಿದರು. "ಮನ್ಯಾಗ ಈ ಮಾತು ಯಾರರ ಆಡಿದ್ರ ಬಾಯಿಗೆ ಬರೆ ಹಾಕ್ತೇನಿ," ಎಂದು ಯಾರೋ ಹೇಳುವುದು ಕೇಳಿತು.

ಮಾಸ್ತರರು ಪರದೆಯ ಹಿಂದೆ ನಿಂತು ಅಳುತ್ತಿದ್ದರು, ಸಂತೋಷಕ್ಕೆ. ಒಂದೂ ಬೈಗಳಿಲ್ಲ! ಆದರೂ ಊರಿಗೆ ಊರೇ ನಡುಗಿದೆ! ಗೋಣೆಪ್ಪ ಕೂಡ ಬಾಯಿ ತೆರೆದು ಕೂತಿದ್ದ. ಹೆಮ್ಮೆಪಡಬೇಕಾದ ಗಳಿಗೆಯೇ ಅದು, ಪಡಲಿ ಬಿಡಿ.

ದಿಪೂಟಿ ಸಾಹೇಬರು ಬೇರೆ ಸೀಮೆಯವರು, ಅವರಿಗೆ ಕಂಡದ್ದೇ ಬೇರೆ. ಆಗೆಲ್ಲ ಹೆಚ್ಚು ಬೆಳೆಯಿರಿ, ಹೆಚ್ಚು ಬೆಳೆಯಿರಿ ಎಂದು ಸರಕಾರ ಊರೂರಿಗೆ ಸಾರುತ್ತಿದ್ದ ಕಾಲ. ಅವರು ಎದ್ದು ಬಂದು ಮಾಸ್ತರರ ಕೈ ಕುಲುಕಿದರು. "ಶಾಬ್ಬಾಸ್! ಜಗಳದಾಗೂ ಬೆಳಿ ಹೆಸರು ಹೇಳ್ತಾರಲ್ರಿ! ಕಾಯಿಪಲ್ಯ ಬೆಳೀಲಿಕ್ಕೆ ಇದಕ್ಕಿಂತ ಛಲೋ ಪ್ರಚಾರ ನಾ ನೋಡಿಲ್ಲ. ಭಾಷಾನೂ ಎಷ್ಟು ಶುದ್ಧ! ಊಟ ಮುಗಿಸಿ ಒಂದೀಟು ಹುಡುಗರ್ನ ನೋಡಿಬಿಡ್ತೇನಿ. ಐದನೇ ಇಯತ್ತೆ ಆತಂತ ತಿಳೀರಿ."

ಆ ಮಧ್ಯಾಹ್ನ ಮಾಸ್ತರರು ಉಂಡ ಹೋಳಿಗೆ ಎಷ್ಟು ಎಂಬುದು ಅವರಿಗೇ ನೆನಪಿಲ್ಲ.

ಊಟವಾದ ಮೇಲೆ ಸಾಹೇಬರು ನಾಲ್ಕನೇ ಇಯತ್ತೆಗೆ ಬಂದರು. ಖುಷಿಯಲ್ಲಿದ್ದರಲ್ಲ, ಗಣಿತ ಕೇಳಲಿಲ್ಲ, ವ್ಯಾಕರಣ ಕೇಳಲಿಲ್ಲ. ಸಾಲಿಯ ಬೇಲಿಗೆ ಹಬ್ಬಿದ್ದ ಬಳ್ಳಿಯಿಂದ ಉದ್ದನೆಯ ಕಾಯೊಂದನ್ನು ಹರಿದುಕೊಂಡು ಬಂದು ಎತ್ತಿ ಹಿಡಿದರು.

"ಇದಕ್ಕ ಏನಂತಾರ?"

ಮಾಸ್ತರರ ಹೊಟ್ಟೆಯೊಳಗಿನ ಹೋಳಿಗೆ ಅಲ್ಲೇ ಕಲ್ಲಾಯಿತು. ಇಡೀ ಇಯತ್ತೆ ತಲೆ ತಗ್ಗಿಸಿತು.

"ಗೊತ್ತಿಲ್ಲೇನು? ನೀ ಹೇಳವಾ, ಶ್ಯಾಣ್ಯಾಕಿ ಕಾಣ್ತಿ," ಎಂದರು ಸಾಹೇಬರು ಗುತ್ತೆವ್ವನಿಗೆ.

ಗುತ್ತೆವ್ವ ಎದ್ದಳು. ಕಾಯಿ ನೋಡಿದಳು, ಮಾಸ್ತರರನ್ನು ನೋಡಿದಳು. "ಒಲ್ಲೇರಿ," ಎಂದು ಅಳತೊಡಗಿದಳು.

"ಅಳೂದ್ಯಾಕ? ನಿಮ್ಮ ಸಾಲಿ ಬೇಲಿ ಮ್ಯಾಲಿಂದ! ದಿನಾ ಉಣ್ಣೂ ವಸ್ತು! ಹೀ... ಹೀರೇ... ಅನ್ನು!"

"ಒಲ್ಲೇರೀ!"

"ಹೀರೇಕಾಯಿ!" ಎಂದು ಸಾಹೇಬರೇ ರೇಗಿ ಕೂಗಿದರು. "ಹೀರೇಕಾಯಿ! ಹೀರೇಕಾಯಿ!"

ಇಡೀ ಇಯತ್ತೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕಪ್ಪಿಟ್ಟಿತು. "ಬೇಲಿ ಮ್ಯಾಲಿನ ಕಾಯಿ ಹೆಸರು ಗೊತ್ತಿಲ್ಲ, ಐದನೇ ಇಯತ್ತೆ ಬೇಕಂತ! ಮ್ಯಾಲ ನನ್ನ ನೋಡಿ ನಗ್ತಾವು! ಬಂಡಿ ಕಟ್ಟಸ್ರಿ." ಮಾಸ್ತರರು "ಸಾಹೇಬ್ರ, ಅದು ಹಂಗಲ್ರಿ, ನಾಟಕದ ಸಲುವಾಗಿ..." ಎನ್ನುತ್ತ ಬಾಗಿಲವರೆಗೆ ಓಡಿದರು. ಸಾಹೇಬರು ಆಗಲೇ ಬಂಡಿ ಏರಿದ್ದರು.

ಮಾಸ್ತರರು ಬಂಡಿಯ ಹಿಂದೆ ಓಡಿದರು. ಅವರ ಹಿಂದೆ ಗೋಣೆಪ್ಪ, ಮಜೀದ, ಉಳಿದ ಅರ್ಧ ಊರು. ಬಂಡಿ ಹಿಡಿಯುವುದೇನೂ ಕಷ್ಟವಿರಲಿಲ್ಲ. ಹಳ್ಳದ ದಂಡೆಯಲ್ಲಿ ಎತ್ತುಗಳು ನಿಂತಿದ್ದವು. ಬೀರಪ್ಪ ಅಪ್ಪಣೆಯಂತೆ ಬಾಯಿಗೆ ಬೀಗ ಹಾಕಿಕೊಂಡು ಬರೀ ಬಾಲ ಮುರಿಯುತ್ತಿದ್ದ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿದಂತಾಗಿ ಸಾಹೇಬರು ಬಂಡಿಯೊಳಗೆ ಕೂತಲ್ಲೇ ಕುದಿಯುತ್ತಿದ್ದರು.

"ಸಾಹೇಬ್ರ, ಹುಡುಗರಿಗೆ ಗೊತ್ತೈತ್ರಿ," ಎಂದರು ಮಾಸ್ತರರು ಏದುಸಿರು ಬಿಡುತ್ತ. "ಆದ್ರ ಅದು ಈಗ ನಮ್ಮ ಊರಾಗ ಬೈಗಳ ಆಗೇತ್ರಿ. ನಾನ ಮಾಡಿದ್ದು. ನಾಟಕದಾಗ ಕೆಟ್ಟ ಮಾತು ಬ್ಯಾಡಂತ ಅದರ ಬದಲಿ ಕಾಯಿಪಲ್ಯ ಇಟ್ಟೇನ್ರಿ."

"ಹೀರೇಕಾಯಿ ಬೈಗಳ?" ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನನ್ನ ಹುಚ್ಚ ಮಾಡಾಕತ್ತೀರೇನು? ಯಾವ ಬೈಗಳದ ಬದಲಿ?"

"ಅದನ್ನ ಹೇಳಾಕ ಬರೂದಿಲ್ರಿ."

"ಯಾಕ ಬರೂದಿಲ್ಲ?"

"ನಾ ಬೈಯೂದಿಲ್ರಿ."

"ಹಂಗಾದ್ರ ಸುಳ್ಳು. ಖರೇ ಇದ್ರ ಹೇಳ್ರಿ, ಕೇಳಿ ನಂಬತೇನಿ. ಐದನೇ ಇಯತ್ತೆ ಬೇಕೋ ಬ್ಯಾಡೋ?"

ಮಾಸ್ತರರು ಹಳ್ಳ ನೋಡಿದರು. ಭಾದ್ರಪದದ ಕೆಂಪು ನೀರು ತೊಡೆಮಟ್ಟ ಹರಿಯುತ್ತಿತ್ತು. ಇದರ ಈಚೆಗೇ ಎಷ್ಟು ಹುಡುಗಿಯರು ಪಾಟಿ ಕೆಳಗಿಟ್ಟು ಸಗಣಿ ಬುಟ್ಟಿ ಎತ್ತಿಕೊಂಡರೋ. ನಾಳೆ ಗುತ್ತೆವ್ವ. ಒಂದು ಕಡೆ ತಾನು ಜೀವಮಾನವೆಲ್ಲ ಕಾಯ್ದುಕೊಂಡು ಬಂದ ನಾಲಿಗೆ, ಇನ್ನೊಂದು ಕಡೆ ಆ ಹುಡುಗಿ. ನಾಲಿಗೆಯ ಹೊಲಸು ತೊಳೆದರೆ ಹೋದೀತು, ಹುಡುಗಿಯ ಓದು ಹೋದರೆ ಬಂದೀತೇ? ಅವರು ಮನಸ್ಸಿನಲ್ಲೇ ಬಸವಣ್ಣನಿಗೆ ಕೈ ಮುಗಿದರು, ಸಾವಂತ್ರವ್ವನ ಕ್ಷಮೆ ಕೇಳಿದರು, ಕಣ್ಣು ಮುಚ್ಚಿದರು.

ಆಮೇಲೆ ಹೇಳಿಯೇಬಿಟ್ಟರು.

ಏನು ಹೇಳಿದರು ಎಂದು ನನ್ನನ್ನು ಕೇಳಬೇಡಿ. ಇಷ್ಟು ಹೊತ್ತು ಒಂದೂ ಬೈಗಳಿಲ್ಲದೆ ಕತೆ ಎಳೆದುಕೊಂಡು ಬಂದಿದ್ದೇನೆ, ಕೊನೆಗೆ ಬಂದು ಬಾಯಿ ಹೊಲಸು ಮಾಡಿಕೊಳ್ಳಲಾರೆ. ಇಷ್ಟು ಮಾತ್ರ ಹೇಳುತ್ತೇನೆ: ಹುಟ್ಟಿದಾರಭ್ಯ ಆಡದೆ ಉಳಿಸಿಕೊಂಡಿದ್ದೆಲ್ಲ ಒಂದೇ ಮಾತಿನಲ್ಲಿ ಹೊರಬಿತ್ತು. ಹಳ್ಳದ ಆಚೆ ದಂಡೆಯ ಬೆಳ್ಳಕ್ಕಿಗಳೆಲ್ಲ ಮೇಲೆದ್ದವು. ಗೋಣೆಪ್ಪನಂಥ ಗೋಣೆಪ್ಪನೂ "ಅಬಬಬಾ!" ಎಂದ.

ಸಾಹೇಬರು ಏನನ್ನುತ್ತಿದ್ದರೋ ಗೊತ್ತಿಲ್ಲ, ಅನ್ನಲು ಎತ್ತುಗಳು ಬಿಡಲಿಲ್ಲ. ಎಷ್ಟೋ ದಿನದಿಂದ ಹಂಬಲಿಸಿದ ಮಾತು ಕಿವಿಗೆ ಬಿದ್ದದ್ದೇ ತಡ, ಎರಡೂ ಬಾಲ ಎತ್ತಿ ಹಾರಿದವು! ಬಂಡಿ ಹಳ್ಳದ ನೀರನ್ನು ಎರಡು ಪಾಲು ಮಾಡಿಕೊಂಡು ಆಚೆ ದಂಡೆ ಏರಿತು. ಸಾಹೇಬರ ಟೋಪಿ ನೀರಿಗೆ, ಛತ್ರಿ ಕೆಸರಿಗೆ, ಕಾಲು ಮುಗಿಲಿಗೆ. "ಸಾಹೇಬ್ರ, ಅದು ನಿಮಗ ಅಂದಿದ್ದಲ್ರಿ! ಹೀರಿಕಾಯಿಗೆ ಅಂದಿದ್ರೀ!" ಎಂದು ಬೀರಪ್ಪ ಹಗ್ಗ ಜಗ್ಗುತ್ತ ಕೂಗುವುದು ಹಂಸಭಾವಿಯ ದಾರಿಯುದ್ದಕ್ಕೂ ಕೇಳುತ್ತ ಕೇಳುತ್ತ ಸಣ್ಣದಾಯಿತು.

ಮಾಸ್ತರರು ನೀರಿಗಿಳಿದು ತೇಲುತ್ತಿದ್ದ ಟೋಪಿ ಹಿಡಿದರು. ಊರಿನವರು ಅವರನ್ನೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು.

"ನಮ್ಮ ಸಾಲಿ ಸಲುವಾಗಿ ದಿಪೂಟಿ ಸಾಹೇಬ್ರಿಗೆ ಬೈದ್ರು ನಮ್ಮ ಮಾಸ್ತರ್ರು! ಎಂಥಾ ಗಂಡಸು!"

"ನಾ ಅವರಿಗೆ ಬೈದಿಲ್ರೋ!"

"ನಾಚ್ಕೋಬ್ಯಾಡ್ರಿ ಮಾಸ್ತರ್ರ. ಇವತ್ತಿಗೆ ನೀವು ಕಣವಿಹಾಳದಾವ್ರು ಆದ್ರಿ," ಎಂದ ಗೋಣೆಪ್ಪ ಕಣ್ಣೊರೆಸಿಕೊಳ್ಳುತ್ತ. "ಇಂಥಾ ದನಿ ಇಟಗೊಂಡು ಬೈಗಳಿಲ್ಲದ ನಾಟಕಾ ಬರದ್ರಲ್ಲ!"

ಮೆರವಣಿಗೆ ಮನೆಯ ಮುಂದೆ ಇಳಿಸಿದಾಗ ಸಾವಂತ್ರವ್ವ ತಂಬಿಗೆಯಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು.

"ಮೊದಲ ಬಾಯಿ ಮುಕ್ಕಳಿಸ್ರಿ. ಯಾರ ಅವ್ವಗ ಬೈದ್ರಿ?"

"ಯಾರಿಗೂ ಅಲ್ಲ. ಹೆಂಗೋ ಹೋಗಿ ಎತ್ತಿಗೆ ಬಿತ್ತು."

"ಅಂದ್ರ ಎತ್ತಿನ ಅವ್ವಗ. ಆ ಆಕಳಾ ಏನ್ ಮಾಡಿತ್ರಿ, ಪಾಪ!"

ಮಾಸ್ತರರು ಬಾಯಿ ಮುಕ್ಕಳಿಸಿ ಕಟ್ಟೆಯ ಮೇಲೆ ಕೂತರು. ಸಾಹೇಬರ ಒದ್ದೆ ಟೋಪಿ ತೊಡೆಯ ಮೇಲಿತ್ತು. ಎಲ್ಲ ಹೋದರೂ ಬೀರಪ್ಪ ಸಾಹೇಬರಿಗೆ ದಾರಿಯಲ್ಲಿ ಖರೇ ಸಂಗತಿ ತಿಳಿಸಿ ಹೇಳಿರಬಹುದು, ಸಾಹೇಬರು ನಕ್ಕು ಒಪ್ಪಿರಬಹುದು ಎಂಬ ಒಂದೆಳೆ ಆಸೆ ಉಳಿದಿತ್ತು. ದೀಪ ಹಚ್ಚುವ ಹೊತ್ತಿಗೆ ಬೀರಪ್ಪ ಬಂದ. ಮುಖ ತುಂಬ ಕೆಸರು, ಬಾಯಿ ತುಂಬ ನಗು.

"ಮಾಸ್ತರ್ರ, ಬಸ್ಸಿಗಿಂತ ಮೊದಲ ಮುಟ್ಟಿದ್ವಿ! ಎತ್ತಿಗೆ ನಿಮ್ಮ ದನಿ ಭಾಳ ಹಿಡಿಸೇತಿ. ನನಗಂತೂ ಆಣೆ ಐತಿ. ಮುಂಜಾನೆ ಒಂದೀಟು ಹೊಲದ ಕಡೆ ಬಂದು, ಬದುವಿನ ಮ್ಯಾಲ ನಿಂತು ಒಂದ ಸಲ ಅಂದು ಹೋಗ್ರಲ್ಲ. ಎಡಿ ಹೊಡಿಯೂದು ಬಾಕಿ ಉಳದೇತಿ."

"ಅದಿರ್ಲಿ ಬೀರಪ್ಪ. ಸಾಹೇಬ್ರಿಗೆ ಎಲ್ಲಾ ತಿಳಿಸಿ ಹೇಳಿದ್ಯಲ್ಲ?"

"ಬಸ್ ಬರೂ ಮಟಾ ಹೇಳಿದೆ. ತಾಲೀಮು, ಆಣೆ, ಎಲ್ಲಾ. ಅವರಿಗೆ ಚಲೋತ್ನಾಗ ತಿಳೀತ್ರಿ."

"ಹಂಗಾದ್ರ ಐದನೇ ಇಯತ್ತೆ? ಏನಂದ್ರು?"

ಬೀರಪ್ಪನ ನಗು ಮಾಯವಾಯಿತು. ಒಳಗೆ ಸಾವಂತ್ರವ್ವ ಇದ್ದಾಳೆ ಎಂದು ಆ ಕಡೆ ನೋಡಿದ, ಈ ಕಡೆ ಬೀದಿ ನೋಡಿದ. "ಅಕ್ಕಾರ ಮುಂದ ಹೆಂಗ ಹೇಳ್ಲಿ," ಎಂದು ಬಗ್ಗಿ, ಮಾಸ್ತರರ ಕಿವಿಗೆ ಬಾಯಿ ಹಚ್ಚಿದ.

"ಬಸ್ ಏರಿ, ಕಿಟಕ್ಯಾಗ ಮಾರಿ ಹಾಕಿ, ಮಂದಿಯೆಲ್ಲಾ ಕೇಳೂವಂಗ ಅಂದ್ರು: 'ಐದನೇ ಇಯತ್ತೆ ಬೇಕಂತ? ಹೀರಿಕಾಯಿ!'"

ಐದನೇ ಇಯತ್ತೆ ಹೋಯಿತು. ಆದರೆ ಬೈಗಳೆಂದರೆ ಆಗದ ಮನುಷ್ಯ, ಬೇರೆ ಸೀಮೆಯವನು, ಒಂದೇ ದಿನದಲ್ಲಿ ಅಷ್ಟು ಸಿಟ್ಟನ್ನು ಆ ಒಂದು ಕಾಯಿಯೊಳಗೆ ತುಂಬಿ ಒಗೆದು ಹೋಗಿದ್ದ. ಬೈಗಳಿಲ್ಲದೆ ಗಂಡಸಿನ ಸಿಟ್ಟು ತೋರಿಸಬಹುದು ಎಂದು ಗೋಣೆಪ್ಪನ ಕಟ್ಟೆಯ ಮೇಲೆ ಅಂದಿದ್ದು ಸುಳ್ಳಾಗಲಿಲ್ಲ. ಅಳಬೇಕೋ ಬೀಗಬೇಕೋ ತಿಳಿಯದೆ ಮಾಸ್ತರರು ಟೋಪಿ ಹಿಂಡಿದರು.

ಅಷ್ಟರಲ್ಲಿ ಸಾವಂತ್ರವ್ವ ಒಳಗಿನಿಂದ ಕೇಳಿದಳು: "ಏನ್ರೀ, ರಾತ್ರಿಗೆ ಪಲ್ಯ ಏನ್ ಮಾಡ್ಲಿ? ಮನ್ಯಾಗ ಅದೊಂದ ಐತಿ."

"ಅದನ್ನ ಮಾಡು," ಎಂದರು ಮಾಸ್ತರರು. "ಹೆಸರು ಮಾತ್ರ ಹೇಳಬ್ಯಾಡ."